ಹುರಿದ ರವೆ, ಆರು ತೂಟಾ

ನಮ್ಮ ಮನೆಯಲ್ಲಿ ರವೆಯ ಡಬ್ಬಿಗಳು ಎರಡಿದ್ದವು. ದೊಡ್ಡದು ಉಪ್ಪಿಟ್ಟಿಗೆ. ಚಿಕ್ಕದರಲ್ಲಿ ಇರುತ್ತಿದ್ದದ್ದು ದಸರೆಯ ಹಿಂದಿನ ವಾರ ಅವ್ವ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಮುಚ್ಚಳ ಬಿಗಿದಿಟ್ಟ ರವೆ. ಅದು ಅಪ್ಪನ ರಿವಾಲ್ವರಿಗೆ. ಹೀಗೆಂದರೆ ಕೇಳಿದವರು ನಗುತ್ತಾರೆ. ನಾನು ಪಾಠ ಹೇಳುವ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿಬಿಟ್ಟು ವರ್ಷಗಟ್ಟಲೆ ಚೇಷ್ಟೆ ಮಾಡಿಸಿಕೊಂಡಿದ್ದೇನೆ. ಈಗ ಅವ್ವನೂ ಇಲ್ಲ, ಅಪ್ಪನೂ ಇಲ್ಲ, ರಿವಾಲ್ವರೂ ಇಲ್ಲ. ನಗುವವರು ನಗಲಿ.

ರಿವಾಲ್ವರ್ ನಮ್ಮ ತಾತನದು. ಪೆದ್ದಕಡುಬೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಆತ ಗೌಡಕಿ ಮಾಡಿದವನು. ಬಿಳಿಯರ ಕಾಲದ ಆ ಕೈಬಂದೂಕು ಲೈಸೆನ್ಸಿನ ಸಮೇತ ಅಪ್ಪನ ಪಾಲಿಗೆ ಬಂತು. ಗೌಡಕಿ ಬರಲಿಲ್ಲ, ಅಷ್ಟರೊಳಗೆ ಸರ್ಕಾರ ಅದನ್ನು ತೆಗೆದುಹಾಕಿತ್ತು. ಅಪ್ಪ ಆದೋನಿಗೆ ಬಂದು ಹತ್ತಿ ಮಾರ್ಕೆಟ್ಟಿನಲ್ಲಿ ಕಾಟಾದ ಮುಂದೆ ನಿಂತ. ಮೂವತ್ತೈದು ವರ್ಷ ಹತ್ತಿ ತೂಗುವುದೇ ಕೆಲಸ. ತಕ್ಕಡಿಗೆ ಹಾಕುವ ಮೊದಲೇ ಹತ್ತಿಯ ಅಂಡಿಗೆಯ ತೂಕ ಹೇಳುತ್ತಿದ್ದ, ಹೇಳಿದ್ದು ಹೆಚ್ಚುಕಡಿಮೆ ಸರಿ ಇರುತ್ತಿತ್ತು. ನಾನು ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಸಿ ಎರಡೂ ಅಂಗೈಗೆ ಎರಡು ಬೆಲ್ಲದ ಉಂಡೆ ಇಟ್ಟು ಯಾವುದು ಭಾರ ಅಂತ ಕೇಳುತ್ತಿದ್ದ. ನಾನು ಯಾವಾಗಲೂ ತಪ್ಪು ಹೇಳುತ್ತಿದ್ದೆ.

"ನೀ ಸಾಲಿ ಕಲ್ತು ಟೀಚರ್ ಆಗವ್ವ. ಕಾಟಾ ನಿನ್ನ ಕೈಗಲ್ಲ" ಅನ್ನುತ್ತಿದ್ದ. ಹಾಗೆಯೇ ಆಯಿತು.

ಮದುವೆ ನನಗೆ ಒಗ್ಗಲಿಲ್ಲ. ಎಮ್ಮಿಗನೂರಿನ ಆ ಮನೆಯಿಂದ ಮೂರನೇ ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದೆ. ಬಾಗಿಲಲ್ಲಿ ಅಪ್ಪ ಯಾಕೆ ಅಂತ ಕೇಳಲಿಲ್ಲ. ಟ್ರಂಕನ್ನು ನನ್ನ ಕೈಯಿಂದ ತೆಗೆದುಕೊಂಡು, "ಹೋಗುವಾಗ ಇದ್ದದ್ದಕ್ಕಿಂತ ಹಗುರ ಐತಿ" ಅಂದ, ಅಷ್ಟೇ. ಆ ಮಾತಿಗೆ ನನಗೆ ಸಿಟ್ಟು ಬಂದಿತ್ತು. ನಾನು ಸಿಟ್ಟಿನವಳು ಅಂತ ನಮ್ಮ ಓಣಿಗೆಲ್ಲ ಗೊತ್ತು. ಆತನಿಗೆ ಸಂಕಟವಾದಾಗ ತೂಕದ ಮಾತೇ ಬಾಯಿಗೆ ಬರುತ್ತದೆ ಅನ್ನುವುದು ಆಮೇಲೆ ನಿಧಾನಕ್ಕೆ ತಿಳಿಯಿತು.

ರಿವಾಲ್ವರಿನ ಕಷ್ಟ ಏನೆಂದರೆ ಅದಕ್ಕೆ ಬೇಕಾದ ತೂಟಾ, ಅಂದರೆ ಕಾಡತೂಸು, ಮಾಡುವುದನ್ನು ಕಾರ್ಖಾನೆಗಳು ಯಾವಾಗಲೋ ನಿಲ್ಲಿಸಿದ್ದವು. ಕರ್ನೂಲಿನ ಬಂದೂಕಿನ ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮ್ಯೂಸಿಯಮ್ಮಿಗೆ ಕೊಡಿ ಅಂದನಂತೆ. ಅಪ್ಪ ಆ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ತಾತ ಬಿಟ್ಟುಹೋದ, ತೂಟಾದ ಹಿತ್ತಾಳೆಯ ಖಾಲಿ ಚಿಪ್ಪುಗಳು ಆರಿದ್ದವು. ಸುಟ್ಟ ಚಿಪ್ಪಿಗೆ ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂಡಿಸಿ ಬಳಸುವುದನ್ನು ತಾತನೇ ಅಪ್ಪನಿಗೆ ಕಲಿಸಿದ್ದ. ಅಡಕತ್ತರಿಯಂಥ ಒಂದು ಕಬ್ಬಿಣದ ಸಲಕರಣೆ, ಅಕ್ಕಸಾಲಿಗರ ಪುಟ್ಟ ತಕ್ಕಡಿ, ಕರಿಮದ್ದಿನ ತಗಡಿನ ಡಬ್ಬಿ, ಚಿಪ್ಪಿನ ಬುಡಕ್ಕೆ ಕೂಡಿಸುವ, ಕುದುರೆ ಬಡಿದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿಗಳು. ಮನೆಯಲ್ಲಿ ಹೀಗೆ ತುಂಬುವುದನ್ನು ಕಾನೂನು ಒಪ್ಪುವುದಿಲ್ಲ ಅಂತ ಅಪ್ಪನಿಗೆ ಗೊತ್ತಿತ್ತು. ವರ್ಷಕ್ಕೊಂದು ತೂಟಾ ತುಂಬುವ ಮುದುಕನನ್ನು ಹಿಡಿಯಲು ಯಾರು ಬರುತ್ತಾರೆ ಅಂತಲೂ ಗೊತ್ತಿತ್ತು.

ಇದರಲ್ಲಿ ಅವ್ವನ ಪಾಲು ರವೆ. ಚಿಪ್ಪಿನೊಳಗೆ ಮದ್ದಿನ ಮೇಲೆ ಜಾಗ ಉಳಿಯಬಾರದು, ಮದ್ದು ಅಲುಗಾಡಬಾರದು. ಅದಕ್ಕೆ ಮದ್ದಿನ ಮೇಲೆ ರವೆ ತುಂಬಿ, ಅದರ ಮೇಲೆ ಗುಂಡು ಒತ್ತಬೇಕು. ತಾತನ ಕಾಲದಲ್ಲಿ ಗುಂಡಿಗೆ ಕೊಬ್ಬು ಸವರುತ್ತಿದ್ದರಂತೆ. ಅವ್ವ ಸೊಸೆಯಾಗಿ ಬಂದ ವರ್ಷವೇ, ಲಿಂಗ ಕಟ್ಟಿದ ಮನೆಯೊಳಗೆ ಅದು ನಡೆಯುವುದಿಲ್ಲ ಅಂತ ಹೇಳಿ ಜೇನುಮೇಣಕ್ಕೆ ಶೇಂಗಾ ಎಣ್ಣೆ ಕಲಸಿಕೊಟ್ಟಳು. ಅಪ್ಪ ಮದ್ದು ಹಾಕುವುದು, ಅವ್ವ ಚಿಟಿಕೆ ಚಿಟಿಕೆಯಾಗಿ ರವೆ ಉದುರಿಸುವುದು, ಅಪ್ಪ ಗುಂಡು ಒತ್ತುವುದು. ಪಡಸಾಲೆಯಲ್ಲಿ ಎದುರುಬದುರು ಮಣೆ ಹಾಕಿಕೊಂಡು, ಮಧ್ಯೆ ಪೇಪರ್ ಹಾಸಿ, ಒಂದೇ ಒಂದು ತೂಟಾಕ್ಕೆ ಅರ್ಧ ದಿನ.

"ನಿಮ್ಮಪ್ಪನ ತುಪಾಕಿಗೂ ಉಪ್ಪಿಟ್ಟು ಬೇಕು ನೋಡವ್ವ" ಅಂತ ಅವ್ವ ನನ್ನ ಕಡೆ ತಿರುಗಿ ಹೇಳುತ್ತಿದ್ದಳು. ಪ್ರತಿ ವರ್ಷ ಅದೇ ಮಾತು. ಪ್ರತಿ ವರ್ಷ ಅಪ್ಪ ಅದನ್ನು ಹೊಸದಾಗಿ ಕೇಳಿದವನ ಹಾಗೆ ನಗುತ್ತಿದ್ದ. ಉಳಿದ ದಿನಗಳಲ್ಲಿ ಅವರಿಬ್ಬರು ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ನನಗೆ ನೆನಪಿಲ್ಲ.

ಆ ಒಂದು ತೂಟಾ ವಿಜಯದಶಮಿಗೆ. ತಾತನ ಹಳ್ಳಿಯಲ್ಲಿ ನಮಗೆ ಉಳಿದಿದ್ದ ಹೊಲದ ಬದುವಿನಲ್ಲಿ ಒಂದು ಹಳೆಯ ಬನ್ನಿಗಿಡ ಇದೆ. ಆವತ್ತು ಮಧ್ಯಾಹ್ನ ಊರಿನವರು ಅಲ್ಲಿ ಸೇರುತ್ತಾರೆ. ಪೂಜೆ ಆದ ಮೇಲೆ ಗೌಡರ ಮನೆಯವರು ಆಕಾಶಕ್ಕೆ ಒಂದು ಗುಂಡು ಹಾರಿಸಬೇಕು. ಆ ಸದ್ದು ಕೇಳಿದ ಮೇಲೆಯೇ ಜನ ಬನ್ನಿಗೆ ಕೈ ಹಾಕುವುದು, ಒಬ್ಬರಿಗೊಬ್ಬರು ಎಲೆ ಕೊಟ್ಟು ಬಂಗಾರದಂಗ ಇರೋಣ ಅನ್ನುವುದು. ಸದ್ದಿಗೆ ಮೊದಲು ಒಂದು ಎಲೆಯನ್ನೂ ಯಾರೂ ಹರಿಯುವುದಿಲ್ಲ. ಗೌಡಕಿ ಹೋಗಿ ಎಷ್ಟೋ ಕಾಲವಾದರೂ ಈ ಪದ್ಧತಿ ಹೋಗಿರಲಿಲ್ಲ. ಆದೋನಿಯಲ್ಲಿ ಅಪ್ಪ ಕಾಟಾದವನು. ವರ್ಷಕ್ಕೊಮ್ಮೆ ಆ ಬದುವಿನ ಮೇಲೆ ಮಾತ್ರ ಗೌಡ. ಆತನ ತೂಟಾ ಒಂದು ವರ್ಷವೂ ಕೈ ಕೊಟ್ಟಿರಲಿಲ್ಲ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅದು ಆತನ ಹೆಮ್ಮೆ.

ಅವ್ವ ಶ್ರಾವಣದಲ್ಲಿ ಹೋದಳು. ಕಾಮಾಲೆ ಅಂತ ನಾಟಿ ಔಷಧಿ ಮಾಡಿಸುತ್ತ ಇದ್ದೆವು. ಅದು ಕಾಮಾಲೆ ಅಲ್ಲ ಅಂತ ಗೊತ್ತಾಗುವ ಹೊತ್ತಿಗೆ ದವಾಖಾನೆಯವರ ಕೈಯಲ್ಲೂ ಏನೂ ಉಳಿದಿರಲಿಲ್ಲ. ಅಪ್ಪ ಅಳಲಿಲ್ಲ. ಅಳದ ಮನುಷ್ಯನನ್ನು ಕಂಡರೆ ನನಗೆ ಭಯ. ಊಟಕ್ಕೆ ಕರೆದರೆ ಬಂದು ಕೂತು, ಎರಡು ತುತ್ತು ತಿಂದು ಏಳುತ್ತಿದ್ದ. ಹಿಂದೆಲ್ಲ ಅಮಾವಾಸ್ಯೆಗೊಮ್ಮೆ ರಿವಾಲ್ವರ್ ತೆಗೆದು ಎಣ್ಣೆ ಹಾಕಿ ಒರೆಸುತ್ತಿದ್ದವನು ಈಗ ದಿನಾ ಸಂಜೆ ತೆಗೆಯತೊಡಗಿದ. ಒರೆಸುತ್ತ, ಒರೆಸುತ್ತ, ಅವ್ವ ಕೂತುಕೊಳ್ಳುತ್ತಿದ್ದ ಕಡೆ ನೋಡುತ್ತಿದ್ದ. ನಾನು ಚಹ ತಂದು ಮುಂದೆ ಇಟ್ಟರೂ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಹೇಳಿದೆ. "ಅಪ್ಪಾ, ಅದನ್ನ ಸ್ಟೇಷನ್ನಿಗೆ ಕೊಟ್ಟುಬಿಡೋಣ. ಇನ್ನ ಯಾರಿಗೆ ಬೇಕು ಅದು?"

"ಇರಲಿ ಬಿಡವ್ವ. ಏನ್ ಅನ್ನ ಕೇಳತೈತೇನು ಅದು?" ಅಂದ.

ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ನಮ್ಮಲ್ಲಿ ಹಬ್ಬ ಇಲ್ಲ. ಆ ವರ್ಷ ನಮಗೆ ದಸರೆಯೂ ಇಲ್ಲ, ಬನ್ನಿಯೂ ಇಲ್ಲ. ಹಳ್ಳಿಯವರೇ ಹೇಳಿಕಳಿಸಿದ್ದರು, ಈ ಸಲ ಡೊಳ್ಳು ಬಡಿದು ಬನ್ನಿ ಮುರಿಯುತ್ತೇವೆ, ಗೌಡ್ರು ಬರುವುದು ಬೇಡ ಅಂತ. ಹಾಗಿರುವಾಗ, ಆಯುಧಪೂಜೆಗೆ ಇನ್ನೂ ನಾಲ್ಕೈದು ದಿನ ಇದೆ ಅನ್ನುವಾಗ, ಅಪ್ಪ ಬೆಳಿಗ್ಗೆ ಮಣೆ ಹಾಕಿ ಪೇಪರ್ ಹಾಸಿದ. ಚಿಪ್ಪುಗಳನ್ನು ಸಾಲಾಗಿ ಇಟ್ಟ. ನೋಡುತ್ತೇನೆ, ಒಂದಲ್ಲ, ಆರೂ ಇವೆ.

"ಹಬ್ಬ ಇಲ್ಲಲ್ಲಪ್ಪ ಈ ವರ್ಷ" ಅಂದೆ.

"ಗೊತ್ತೈತಿ."

"ಮತ್ತ ಆರೂ ಯಾಕ?"

"ತುಂಬಿ ಇಡೋಣ. ನೀ ಅವ್ವನ ಮಣಿ ಮ್ಯಾಲ ಕುಂದ್ರು."

ಅಡಿಗೆಮನೆಗೆ ಹೋಗಿ ರವೆ ಹುರಿದೆ. ಅವ್ವನಿದ್ದಾಗ ಹುರಿದದ್ದರ ವಾಸನೆಯೇ ಬಂತು, ಒಲೆಯ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಅಪ್ಪನಿಗೆ ಏನೆಂದು ಕೇಳುವುದು? ನೀನು ಸಾಯಬೇಕು ಅಂತ ಮಾಡಿದ್ದೀಯಾ ಅಂತ ತಂದೆಯನ್ನು ಯಾವ ಭಾಷೆಯಲ್ಲಿ ಕೇಳುವುದು?

ಮದ್ದು ಹಾಕಲು ಹೋದಾಗ ಅಪ್ಪನ ಕೈ ನಡುಗಿತು. ಒಂದೆರಡು ವರ್ಷದಿಂದ ಆ ನಡುಕ ಇತ್ತು, ಅವ್ವ ಮಣಿಕಟ್ಟು ಹಿಡಿದುಕೊಂಡರೆ ನಿಲ್ಲುತ್ತಿತ್ತು. ಈ ಸಲ ಮದ್ದು ಪೇಪರಿನ ಮೇಲೆ ಚೆಲ್ಲಿತು. ಇನ್ನೊಮ್ಮೆ ಪ್ರಯತ್ನಿಸಿದ, ಮತ್ತೆ ಚೆಲ್ಲಿತು. ಆತ ಅಳತೆಯ ಚಮಚವನ್ನು ನನ್ನ ಕಡೆ ಸರಿಸಿ, "ನೀನ ಹಾಕವ್ವ" ಅಂದು ಗೋಡೆಯ ಕಡೆ ತಿರುಗಿ ಕೂತ. ಗೋಡೆಯ ಮೇಲೆ ಅವ್ವನ ಫೋಟೋ ಇತ್ತು.

ಆತ ಅತ್ತ ನೋಡುತ್ತಿರುವಾಗ ನಾನು ಮದ್ದನ್ನು ಚಮಚದಿಂದ ಮಡಿಲಲ್ಲಿದ್ದ ಹಾಳೆಗೆ ಸುರಿದೆ. ಚಿಪ್ಪಿಗೆ ರವೆ ಹಾಕಿದೆ, ತಳದಿಂದ ಕಂಠದವರೆಗೆ ಬರೀ ರವೆ. ಹೀಗೆ ಆರೂ. ನನ್ನ ಕೈ ನಡುಗಲಿಲ್ಲ. ಗುಂಡು ಒತ್ತುವುದು ಎರಡೂ ಕೈಯ ಕೆಲಸ, ಅದನ್ನು ಅಪ್ಪ ತಾನೇ ಮಾಡಿದ. ಮುಗಿದ ಮೇಲೆ ತನ್ನ ರೂಢಿಯಂತೆ ಒಂದೊಂದನ್ನೇ ಅಂಗೈಯಲ್ಲಿಟ್ಟು ಒಂದು ಕ್ಷಣ ಹಿಡಿದು, ಬಟ್ಟೆಯ ಚೀಲಕ್ಕೆ ಹಾಕಿದ. ಆರನೆಯದನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದ. ನಾನು ಹಾಳೆಯಲ್ಲಿದ್ದ ಮದ್ದನ್ನೂ, ಆತ ಮಾರ್ಕೆಟ್ಟಿನ ಗೆಳೆಯರ ಕಡೆ ಹೋದಾಗ ಡಬ್ಬಿಯಲ್ಲಿ ಉಳಿದದ್ದನ್ನೂ ಬಚ್ಚಲಿಗೆ ಸುರಿದು ನಾಲ್ಕು ಕೊಡ ನೀರು ಹಾಕಿದೆ.

ಆ ದಿನದಿಂದ ನನಗೆ ನಿದ್ದೆ ಬಂತು. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಅಪ್ಪನ ಕೆಲಸವನ್ನು ಹಾಳು ಮಾಡಿದ್ದೆ, ಅದೂ ಅವ್ವನ ರವೆಯಿಂದ, ಅವ್ವನ ಮಣೆಯ ಮೇಲೆ ಕೂತು. ಆದರೂ ಚೆನ್ನಾಗಿ ಮಲಗುತ್ತಿದ್ದೆ. ಆತ ಸಂಜೆ ರಿವಾಲ್ವರ್ ಒರೆಸುತ್ತಿದ್ದರೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದೆ. ಬರಬರುತ್ತ ಆತ ಒರೆಸುವುದು ಕಡಿಮೆಯಾಯಿತು. ಎರಡು ತುತ್ತು ಒಂದು ರೊಟ್ಟಿಯಾಯಿತು, ಆಮೇಲೆ ಎರಡಾಯಿತು. ಪುಂಡಿಪಲ್ಯಕ್ಕೆ ಉಪ್ಪು ಸಾಲದು ಅಂತ ಒಂದು ದಿನ ಜಗಳ ತೆಗೆದ. ಆವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಬೇಸಿಗೆಯಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಾಗ ನಾನೂ ಜೊತೆಗೆ ಹೋದೆ. ಅಲ್ಲಿನ ಹಳೆಯ ರೈಟರ್‌ಗೆ ಅಪ್ಪನನ್ನು ಕಂಡರೆ ಸಲಿಗೆ. "ಗೌಡುಗಾರು, ಇದಿ ಇಂಕಾ ಪೇಲುತುಂದಾ?" ಅಂದರು ತೆಲುಗಿನಲ್ಲಿ, ಇದು ಇನ್ನೂ ಸಿಡಿಯುತ್ತದಾ ಅಂತ.

ಅಪ್ಪ ನನ್ನ ಮುಖ ನೋಡಿ, "ನನ್ನ ಮಗಳನ್ನ ಕೇಳ್ರಿ. ಈಗ ಆಕಿನ ತುಂಬತಾಳ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆತ ಯಾಕೆ ಹಾಗೆಂದ ಅಂತ ಆಗ ನನಗೆ ಹೊಳೆಯಲಿಲ್ಲ.

ಚುನಾವಣೆ ಮುಗಿದ ಮೇಲೆ ರಿವಾಲ್ವರ್ ವಾಪಸು ಮನೆಗೆ ಬಂತು. ಅವ್ವನ ವರ್ಷಾಂತಿಕ ಮುಗಿಯಿತು. ಮತ್ತೆ ದಸರೆ ಬಂತು. ಈ ಸಲ ಬನ್ನಿಗೆ ಹೋಗಲೇಬೇಕು. ಹಬ್ಬ ಹತ್ತಿರ ಬಂದಂತೆಲ್ಲ ನನ್ನ ನಿದ್ದೆ ಮತ್ತೆ ಹಾರಿತು. ಹೇಳಿಬಿಡಬೇಕು ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ, ದಿನಾ ಸಂಜೆ ನಾಳೆ ಅನ್ನುತ್ತಿದ್ದೆ. ಹೊಸ ಮದ್ದು ಎಲ್ಲಿಂದ ತರುವುದು, ಏನೆಂದು ತರುವುದು? ಹಬ್ಬದ ದಿನ ಅಪ್ಪ ಮಡಿಧೋತ್ರ ಉಟ್ಟು, ರುಮಾಲು ಸುತ್ತಿ, ಚೀಲದಿಂದ ಒಂದು ತೂಟಾ ತೆಗೆದು ಜೇಬಿಗೆ ಹಾಕಿಕೊಂಡ. ಹಳ್ಳಿಗೆ ಹೋಗುವ ಆಟೋದಲ್ಲಿ ನಾನು ಆತನ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ಹೊಲಗಳನ್ನು ನೋಡುತ್ತಿರುವವಳ ಹಾಗೆ ನಟಿಸಿದೆ.

ಬದುವಿನ ಮೇಲೆ ಊರೇ ಸೇರಿತ್ತು. ಹೋದ ವರ್ಷ ಡೊಳ್ಳಿನಲ್ಲಿ ಮುಗಿಸಿದ್ದರಿಂದ ಈ ವರ್ಷ ಜನ ಹೆಚ್ಚು. ಪೂಜೆಯಾಯಿತು. ಅಪ್ಪ ಗಿಡದ ಪಕ್ಕಕ್ಕೆ ಸರಿದು, ಎರಡೂ ಕೈಯಲ್ಲಿ ರಿವಾಲ್ವರ್ ಹಿಡಿದು ಮೇಲಕ್ಕೆತ್ತಿದ. ಹೆಂಗಸರು ಕಿವಿ ಮುಚ್ಚಿಕೊಂಡರು. ಒಗ್ಗರಣೆಯಲ್ಲಿ ಒಂದು ಸಾಸಿವೆ ಸಿಡಿದಷ್ಟು ಸದ್ದು ಬಂತು. ಬರೀ ಟೋಪಿ ಸಿಡಿದ ಸದ್ದು.

ಕಿವಿ ಮುಚ್ಚಿಕೊಂಡ ಕೈಗಳನ್ನು ಯಾರೂ ಇಳಿಸಲಿಲ್ಲ. ಇನ್ನು ಬರುತ್ತದೆ ಅಂತ ಕಾದರು. ಬನ್ನಿಗೆ ಕೈ ಹಾಕಬೇಕೋ ಬೇಡವೋ ಅಂತ ಯಾರಿಗೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಅಪ್ಪ ಕೈ ಮೇಲೆತ್ತಿಕೊಂಡೇ ನಿಂತಿದ್ದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಆತ ನಿಧಾನಕ್ಕೆ ಕೈ ಇಳಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಮದ್ದು ಥಂಡಿ ಹಿಡದೈತ್ರಿ. ನಾ ಸರಿ ಇಟ್ಟಿಲ್ಲ. ತಪ್ಪು ನನ್ನದು." ಹಾಗೆಂದು ತಾನೇ ಬನ್ನಿಗೆ ಕೈ ಹಾಕಿ ಮೊದಲ ಎಲೆಗಳನ್ನು ಕಿತ್ತು, ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದು ನನ್ನ ಕೈಗೆ ಕೊಟ್ಟ. "ಬಂಗಾರದಂಗ ಇರೋಣವ್ವ" ಅಂದ. ಆಮೇಲೆ ಜನ ಗಿಡಕ್ಕೆ ಕೈ ಹಾಕಿದರು.

ಸಂಜೆಯ ಬೆಳಕಿರುವಾಗಲೇ ಮನೆ ಮುಟ್ಟಿದೆವು. ರುಮಾಲು ತೆಗೆದಿಟ್ಟು ಅಪ್ಪ ಪಡಸಾಲೆಯಲ್ಲಿ ಪೇಪರ್ ಹಾಸಿದ. ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡನ್ನು ಒರೆಸುವ ಸರಳಿನಿಂದ ತಳ್ಳಿದ. ಗುಂಡು ಬಿತ್ತು, ಅದರ ಹಿಂದೆ ರವೆ ಸುರಿಯಿತು. ಒಂದು ವರ್ಷ ಕಳೆದರೂ ಹುರಿದ ಬಣ್ಣ ಹಾಗೇ ಇತ್ತು.

"ಆರೂ ಹಿಂಗನ ಏನವ್ವ?"

"ಹೌದಪ್ಪ."

"ನನಗ ತುಂಬಿದ ದಿನನ ಗೊತ್ತಾತು. ಅಂಗೈಯಾಗ ಇಟ್ಟಕೂಡ್ಲೆ ಗೊತ್ತಾತು. ಹಗುರ ಇದ್ವು."

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಗೊತ್ತಿದ್ದೂ ಯಾಕ ಹೋದಿ ಅಲ್ಲಿಗೆ? ಅಷ್ಟು ಮಂದಿ ಮುಂದ ಯಾಕ ನಿಂತಿ?"

"ಹೋಗಲಿಲ್ಲಂದ್ರ ಯಾಕಂತ ನೀ ಕೇಳತಿದ್ದಿ. ನಾ ಹೇಳಬೇಕಾಗತಿತ್ತು. ನನಗ ಗೊತ್ತೈತಂತ ನಿನಗ ತಿಳದಿದ್ರ, ಇವ ಇನ್ನೇನ್ ಮಾಡಕೊಂತಾನೋ ಅಂತ ನಿನಗ ನಿದ್ದಿ ಹತ್ತತಿದ್ದಿಲ್ಲ. ನೀ ಮಲಗಾಕತ್ತಿದ್ದಿ. ನಾ ನೋಡಿದ್ದೆ."

ನಾನು ಆತನ ಮುಂದೆ, ಅವ್ವನ ಮಣೆಯ ಮೇಲೆ ಕೂತೆ. ಆತ ರವೆಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತ ಮುಂದುವರಿಸಿದ.

"ಕೈ ನಿಲ್ಲವಲ್ವು, ವರ್ಷಾ ವರ್ಷಾ ತುಂಬಾಕ ಆಗೂದಿಲ್ಲಂತ ಒಮ್ಮೆಲೆ ತುಂಬಿಸಿದ್ದೆ. ಐದು, ಐದು ದಸರಾಕ್ಕ. ಆರನೇದು ಯಾತಕ್ಕಂತ ನನ್ನ ನಾನ ಕೇಳಿರಲಿಲ್ಲ. ನೀ ಕೇಳಿದಿ. ಚಲೋ ಮಾಡಿದಿ. ಈಗ ಅದು ಬ್ಯಾಡ ನನಗ, ಅದಕ್ಕ ಹೇಳಾಕತ್ತೀನಿ."

ಅವ್ವ ಸತ್ತಾಗ ಅಳದ ಮನುಷ್ಯ ಆವತ್ತು ಅತ್ತ. ನಾನು ಹೋಗಿ ಆತನ ಮಣಿಕಟ್ಟು ಹಿಡಿದುಕೊಂಡೆ, ಅವ್ವ ಹಿಡಿಯುತ್ತಿದ್ದ ಜಾಗದಲ್ಲಿ.

ಉಳಿದ ಐದನ್ನು ಬಿಚ್ಚಿ ಮತ್ತೆ ಸರಿಯಾಗಿ ತುಂಬೋಣ, ಮದ್ದು ಎಲ್ಲಾದರೂ ಹುಡುಕಿ ತರುತ್ತೇನೆ ಅಂದೆ. ಬೇಡ ಅಂದ. ಮರುವರ್ಷ ರಿವಾಲ್ವರನ್ನು ಗಿಡದ ಬುಡಕ್ಕಿಟ್ಟು ಕುಂಕುಮ ಹಚ್ಚಿ ವಾಪಸು ತಂದ. ಡೊಳ್ಳು ಬಡಿದು ಬನ್ನಿ ಮುರಿದರು. ಗೌಡ್ರ ತುಪಾಕಿ ಮುದುಕ ಆಗೇತಿ ಅಂತ ಹಳ್ಳಿಯಲ್ಲಿ ಮಾತಾಯಿತು. ಆತ ಅದನ್ನು ಕೇಳಿ ನಕ್ಕ. ನನಗೆ ಮಾತ್ರ ಆ ಮಾತು ಇನ್ನೂ ಚುಚ್ಚುತ್ತದೆ. ಒಂದು ವರ್ಷವೂ ತಪ್ಪದ ಕೈ ಅದು, ಕೊನೆಗೆ ತಪ್ಪಿದ್ದು ನನ್ನಿಂದ. ಆ ಹಬ್ಬ ಕಳೆದು ತಿಂಗಳಾಗಿರಲಿಲ್ಲ, ಒಂದು ಬೆಳಿಗ್ಗೆ ಚಹ ಕುಡಿದು, ಲೋಟ ಕೆಳಗಿಟ್ಟು, ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದ. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ.

ಕರ್ಮಾಂತರಗಳು ಮುಗಿದ ಮೇಲೆ ರಿವಾಲ್ವರನ್ನೂ ಬಟ್ಟೆಯ ಚೀಲವನ್ನೂ ಠಾಣೆಗೆ ಒಯ್ದೆ. ಹಳೆಯ ರೈಟರ್ ವರ್ಗವಾಗಿ ಹೋಗಿದ್ದರು. ಹೊಸ ಕಾನ್‌ಸ್ಟೇಬಲ್ ಚೀಲ ಬಿಚ್ಚುವ ಮೊದಲು ನಾನೇ ಒಂದು ತೂಟಾ ತೆಗೆದು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಹಗುರವೋ ಭಾರವೋ ನನಗೆ ಆಗಲೂ ತಿಳಿಯಲಿಲ್ಲ.

"ಲೈವ್ ರೌಂಡ್ಸಾ ಮೇಡಂ?" ಅಂದ ಆತ.

"ಕಾದು. ಲೋಪಲ ಉಪ್ಮಾ ರವ್ವ" ಅಂದೆ, ಅಲ್ಲ, ಒಳಗಿರುವುದು ಉಪ್ಪಿಟ್ಟಿನ ರವೆ ಅಂತ.

ಆತ ನಗಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದ. ಐದನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಬರೆದುಕೊಂಡ. ಆಮೇಲೆ ತಡೆಯಲಾರದೆ ಮತ್ತೆ ಕೇಳಿದ, ಸಿಡಿಯದ ತೂಟಾಗಳನ್ನು ದೊಡ್ಡವರು ಇಷ್ಟು ದಿನ ಯಾಕೆ ಜೋಪಾನ ಮಾಡಿ ಇಟ್ಟುಕೊಂಡಿದ್ದರು ಮೇಡಂ ಅಂತ.

ತೆಲುಗಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. "ನಾ ಮಲಗಲಿ ಅಂತ" ಅಂದೆ.